ನಿಮ್ಮ ಮನೆಗೊಬ್ಬ ಡಾಕ್ಟರ್ ಇದ್ದಾರಾ? ಫ್ಯಾಮಿಲಿ ಡಾಕ್ಟರ್ ಆರಿಸೋದು ಹೇಗೆ, ಯಾವ ವಯಸ್ಸಿಗೆ ಯಾವ ತಪಾಸಣೆ: ಹಾಸನ ಜಿಲ್ಲೆಯವರಿಗೆ ಪೂರ್ತಿ ಮಾಹಿತಿ

ಹಾಸನ: 2025ರ ಜೂನ್ ಕೊನೆ, ಜುಲೈ ಮೊದಲ ವಾರವನ್ನ ನಮ್ಮ ಜಿಲ್ಲೆಯವರು ಯಾರೂ ಮರೆಯೋ ಹಾಗಿಲ್ಲ. ಬೆಳಗಾದರೆ ಹೃದಯಾಘಾತದ ಸುದ್ದಿ. ಟಿವಿ ಹಾಕಿದರೂ ಹಾಸನ, ವಾಟ್ಸಾಪ್ ತೆಗೆದರೂ ಹಾಸನ. ಎದೆನೋವು ಇದ್ದವರು, ಇಲ್ಲದವರು ಎಲ್ಲರೂ ಬಸ್ ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು.

ಆಮೇಲೆ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿತು. ಬಿಪಿ, ಶುಗರ್, ಬೊಜ್ಜು, ಧೂಮಪಾನ, ಕುಡಿತ ಇಂಥ ಹಳೇ ಕಾರಣಗಳ ಕಡೆಗೇ ಬೊಟ್ಟು ಮಾಡಿತು. ಭಯ ಇಳಿಯಿತು, ಸಾಲೂ ಕರಗಿತು.

ಆದರೆ ಒಂದು ಪ್ರಶ್ನೆ ಹಾಗೇ ಉಳಿದಿದೆ. ಏನೂ ಕಾಯಿಲೆ ಇಲ್ಲದವರು ಒಂದು ಬಿಪಿ, ಒಂದು ಶುಗರ್, ಒಂದು ಇಸಿಜಿ ನೋಡಿಸೋಕೆ ಮೈಸೂರು, ಬೆಂಗಳೂರಿನ ತನಕ ಯಾಕೆ ಹೋಗಬೇಕಾಯಿತು? "ಏನಪ್ಪಾ, ನಿನಗೆ ಈಗ ಇಸಿಜಿ ಬೇಡ, ಮೊದಲು ಬೀಡಿ ಬಿಡು" ಅಂತ ಹೇಳೋ ಡಾಕ್ಟರ್ ನಮ್ಮಲ್ಲಿ ತುಂಬಾ ಮನೆಗಳಿಗೆ ಇಲ್ಲ. ಜ್ವರ ಬಂದರೆ ಹತ್ತಿರದ ಮೆಡಿಕಲ್ಲು, ಮಂಡಿ ನೋವಿಗೆ ಒಬ್ಬರು, ಶುಗರಿಗೆ ಇನ್ನೊಬ್ಬರು, ಜೋರಾದರೆ ಹಿಮ್ಸ್. ನಮ್ಮ ಪೂರ್ತಿ ಕಥೆ ಗೊತ್ತಿರೋರು ಯಾರೂ ಇಲ್ಲ.

ಒಂದೇ ಮಾತ್ರೆ, ಎರಡು ಹೆಸರು

ನಮ್ಮ ಮನೆಯಲ್ಲೇ ನಡೆದದ್ದು ಹೇಳ್ತೀನಿ. ಅಪ್ಪನಿಗೆ ಬಿಪಿ. ಒಂದು ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟಿದ್ದರು. ಕೆಲವು ತಿಂಗಳ ಮೇಲೆ ತಲೆನೋವು ಅಂತ ಇನ್ನೊಂದು ಕಡೆ ಹೋದರು. ಹಳೇ ಚೀಟಿ ತಗೊಂಡು ಹೋಗಿರಲಿಲ್ಲ, ಅಲ್ಲಿಯವರೂ ಕೇಳಲಿಲ್ಲ. ಅಲ್ಲೂ ಬಿಪಿ ಮಾತ್ರೆ ಬರೆದರು. ಅಪ್ಪ ಎರಡನ್ನೂ ನುಂಗ್ತಾ ಇದ್ದರು. ಕಾಲು ಊದಿಕೊಂಡಿತು, ತಲೆ ಸುತ್ತು ಶುರುವಾಯಿತು. ಒಂದಿನ ಬೆಳಗ್ಗೆ ಬಚ್ಚಲುಮನೆ ಹತ್ತಿರ ಬಿದ್ದರು. ಹಣೆಗೆ ಹೊಲಿಗೆ ಬಿತ್ತು.

ಹೊಲಿಗೆ ಬಿಚ್ಚಿಸೋಕೆ ನಮ್ಮ ಊರಿನ ಹಳೇ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಮನೇಲಿರೋ ಮಾತ್ರೆ ಎಲ್ಲಾ ತಗೊಂಡು ಬನ್ನಿ." ಪ್ಲಾಸ್ಟಿಕ್ ಕವರ್ ತಂದು ಟೇಬಲ್ ಮೇಲೆ ಸುರಿದೆ. ಅವರು ಎರಡು ಸ್ಟ್ರಿಪ್ ಎತ್ತಿ ಹಿಂಭಾಗದ ಸಣ್ಣ ಅಕ್ಷರ ತೋರಿಸಿದರು. ಕಂಪನಿ ಹೆಸರು ಬೇರೆ ಬೇರೆ, ಒಳಗಿರೋದು ಒಂದೇ ಔಷಧ, ಆಮ್ಲೋಡಿಪಿನ್. ಅಪ್ಪ ಡಬಲ್ ಡೋಸ್ ತಗೊಳ್ತಾ ಇದ್ದರು.

ಎರಡೂ ಕಡೆಯವರು ಕೊಟ್ಟ ಮಾತ್ರೆ ಸರಿಯಾದದ್ದೇ. ಎರಡನ್ನೂ ಒಟ್ಟಿಗೆ ನೋಡೋರು ಇರಲಿಲ್ಲ, ಅಷ್ಟೇ. ಫ್ಯಾಮಿಲಿ ಡಾಕ್ಟರ್ ಬೇಕು ಅನ್ನೋದು ಇದಕ್ಕೇ.

ಫ್ಯಾಮಿಲಿ ಡಾಕ್ಟರ್ ಅಂದರೆ ಯಾರು?

ದೊಡ್ಡ ಸ್ಪೆಷಲಿಸ್ಟ್ ಆಗಬೇಕಿಲ್ಲ. ಎಂಬಿಬಿಎಸ್ ಓದಿ, ಸಾಮಾನ್ಯ ಕಾಯಿಲೆ ನೋಡಿ, ತಮ್ಮ ಕೈ ಮೀರಿದ್ದನ್ನ ಸರಿಯಾದ ಕಡೆ ಕಳಿಸೋರು ಸಾಕು. ಕ್ಲಿನಿಕ್ ಇಟ್ಟುಕೊಂಡಿರೋ ಖಾಸಗಿ ಡಾಕ್ಟರ್ ಆಗಬಹುದು, ನಿಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೂ ಆಗಬಹುದು. ಬಯಲು ಸೀಮೆಯಲ್ಲಿ ಸುಮಾರು 30 ಸಾವಿರ ಜನಕ್ಕೆ, ಸಕಲೇಶಪುರದಂಥ ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೆ ಒಂದು ಪಿಎಚ್‌ಸಿ ಇರಬೇಕು ಅನ್ನೋದು ಸರ್ಕಾರದ ಮಾನದಂಡ. ಅದರ ಕೆಳಗೆ ಉಪಕೇಂದ್ರ. ಈಗ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಇರುತ್ತೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಇರ್ತಾರೆ. ಬಿಪಿ, ಶುಗರ್ ನೋಡಿ, ಇ-ಸಂಜೀವಿನಿಯಲ್ಲಿ ಡಾಕ್ಟರ್ ಜೊತೆ ವಿಡಿಯೋದಲ್ಲಿ ಮಾತಾಡಿಸ್ತಾರೆ.

ಸರ್ಕಾರಿ ಡಾಕ್ಟರಿಗೆ ವರ್ಗಾವಣೆ ಆಗುತ್ತೆ ಅನ್ನೋದು ನಿಜ. ಹಾಗಾಗಿ ಪಿಎಚ್‌ಸಿ ನೆಚ್ಚಿಕೊಂಡಿರೋರು ಫೈಲ್ ಸರಿಯಾಗಿ ಇಟ್ಟುಕೊಳ್ಳಬೇಕು. ಡಾಕ್ಟರ್ ಬದಲಾದರೂ ನಿಮ್ಮ ಕಥೆ ಕಾಗದದಲ್ಲಿ ಉಳಿದಿರುತ್ತೆ.

ಆರಿಸೋ ಮುಂಚೆ ನೋಡಬೇಕಾದ್ದು

1. ಡಿಗ್ರಿ ಮತ್ತು ನೋಂದಣಿ. ಎಂಬಿಬಿಎಸ್ ಆದವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ಚೀಟಿಯ ಮೇಲೆ ಅದನ್ನ ಹಾಕಬೇಕು. ಅನುಮಾನ ಬಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಬಿಎಎಂಎಸ್ ಅಂದರೆ ಆಯುರ್ವೇದ, ಬಿಎಚ್‌ಎಂಎಸ್ ಅಂದರೆ ಹೋಮಿಯೋಪತಿ. ಅವರೂ ಓದಿದ ವೈದ್ಯರೇ. ಆದರೆ ನೀವು ಯಾವ ಪದ್ಧತಿಯ ಔಷಧಕ್ಕೆ ಯಾರ ಹತ್ತಿರ ಹೋಗ್ತಿದ್ದೀರಿ ಅನ್ನೋದು ಗೊತ್ತಿರಬೇಕು.

2. ಕೆಪಿಎಂಇ ಸರ್ಟಿಫಿಕೇಟ್. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. ಇದರ ಪ್ರಕಾರ ಸಣ್ಣ ಕ್ಲಿನಿಕ್ಕಿನಿಂದ ದೊಡ್ಡ ಆಸ್ಪತ್ರೆ ತನಕ, ಲ್ಯಾಬೂ ಸೇರಿ, ಎಲ್ಲರೂ ನೋಂದಣಿ ಮಾಡಿಸಿ ಜನಕ್ಕೆ ಕಾಣೋ ಹಾಗೆ ಹಾಕಬೇಕು. ದರಪಟ್ಟಿಯೂ ಕಾಣಬೇಕು. ಬೋರ್ಡಿನ ಬಣ್ಣವನ್ನೂ ಆರೋಗ್ಯ ಇಲಾಖೆ ಗೊತ್ತು ಮಾಡಿದೆ: ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಏನೂ ಇಲ್ಲದೆ ಬರೀ "ಕ್ಲಿನಿಕ್" ಅಂತ ಬರೆದಿದ್ದರೆ ಒಳಗೆ ಕಾಲಿಡೋ ಮುಂಚೆ ಯೋಚನೆ ಮಾಡಿ.

3. ದೂರ ಮತ್ತು ಸಮಯ. ಎಷ್ಟೇ ಹೆಸರುವಾಸಿಯಾದರೂ ಎರಡು ಬಸ್ ಬದಲಾಯಿಸಿ ಹೋಗೋ ಡಾಕ್ಟರ್ ಹತ್ತಿರ ವರ್ಷಕ್ಕೆ ನಾಲ್ಕು ಸಲ ಹೋಗೋಕೆ ಆಗಲ್ಲ. ಕೂಲಿಗೆ ಹೋಗೋರಿಗೆ ಸಂಜೆ ಕ್ಲಿನಿಕ್ ಇದ್ದರೆ ಅನುಕೂಲ. ಅವರು ಇಲ್ಲದ ದಿನ, ರಾತ್ರಿ ಹೊತ್ತು ಎಲ್ಲಿಗೆ ಹೋಗಬೇಕು ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

4. ಮಾತು ಮತ್ತು ಕಿವಿ. ಡಾಕ್ಟರ್ ಹೇಳೋದು ನಿಮಗೆ ಅರ್ಥ ಆಗಬೇಕು, ನೀವು ಹೇಳೋದನ್ನ ಅವರು ಕೇಳಿಸಿಕೊಳ್ಳಬೇಕು. ಮನೆಯ ಹೆಂಗಸರು ಮುಜುಗರ ಇಲ್ಲದೆ ಮಾತಾಡೋಕೆ ಆಗುತ್ತಾ ಅನ್ನೋದು ಮುಖ್ಯ. ಬಿಳಿಸೆರಗು, ಎದೆಯಲ್ಲಿ ಗಂಟು ಇಂಥದ್ದನ್ನ ನಮ್ಮ ಅಮ್ಮಂದಿರು ಹೇಳಿಕೊಳ್ಳದೇ ವರ್ಷಗಟ್ಟಲೆ ನುಂಗಿಕೊಂಡು ಇರ್ತಾರೆ.

ಒಳ್ಳೇ ಡಾಕ್ಟರ್ ಗುರುತು ಹೇಗೆ?

ಮೊದಲ ಎರಡು ಭೇಟಿಯಲ್ಲೇ ಸುಮಾರು ಗೊತ್ತಾಗಿಬಿಡುತ್ತೆ. ಇವನ್ನ ಗಮನಿಸಿ:

- ಹಿಂದೆ ಏನಾಗಿತ್ತು, ಈಗ ಯಾವ ಮಾತ್ರೆ ನಡೀತಿದೆ, ಅಪ್ಪ ಅಮ್ಮನಿಗೆ ಏನು ಕಾಯಿಲೆ ಅಂತ ಕೇಳ್ತಾರೆ.
- ನೆಗಡಿಗೆ ಬಂದಿದ್ದರೂ 30 ದಾಟಿದವರಿಗೆ ಬಿಪಿ ಪಟ್ಟಿ ಕಟ್ಟಿ ನೋಡ್ತಾರೆ.
- ಓದೋಕೆ ಆಗೋ ಹಾಗೆ ಚೀಟಿ ಬರೀತಾರೆ. ಔಷಧದ ಮೂಲ ಹೆಸರು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಬರೀಬೇಕು ಅಂತ ವೈದ್ಯರ ನಡವಳಿಕೆ ನಿಯಮದಲ್ಲೇ 2016ರಲ್ಲಿ ಸೇರಿಸಿದ್ದಾರೆ.
- ಟೆಸ್ಟ್ ಬರೆದರೆ ಯಾಕೆ ಅಂತ ಹೇಳ್ತಾರೆ.
- "ಇದು ನನ್ನಿಂದ ಆಗಲ್ಲ, ಇಂಥ ಕಡೆ ಹೋಗಿ" ಅನ್ನೋಕೆ ಹಿಂಜರಿಯಲ್ಲ.
- ಬೇರೆ ಡಾಕ್ಟರನ್ನೂ ಒಮ್ಮೆ ಕೇಳ್ತೀನಿ ಅಂದರೆ ಸಿಟ್ಟು ಮಾಡಿಕೊಳ್ಳಲ್ಲ.

ಇನ್ನು ಎಚ್ಚರ ವಹಿಸಬೇಕಾದ್ದು. ಹೋದಾಗೆಲ್ಲ ಸೂಜಿ ಚುಚ್ಚೋದು, ಸುಸ್ತು ಅಂದ ತಕ್ಷಣ ಗ್ಲೂಕೋಸ್ ಬಾಟಲಿ ಏರಿಸೋದು, ಹೆಸರಿಲ್ಲದ ಮಾತ್ರೆ ಪೊಟ್ಟಣ ಕಟ್ಟಿ ಕೊಡೋದು. ಇದರಲ್ಲಿ ನಮ್ಮ ತಪ್ಪೂ ಇದೆ. ಸೂಜಿ ಹಾಕದಿದ್ದರೆ "ಈ ಡಾಕ್ಟರಿಗೆ ಏನೂ ಗೊತ್ತಿಲ್ಲ" ಅಂತ ಎದ್ದು ಬರೋರು ನಾವೇ. ಮಂಡಿ ನೋವಿಗೆ, ದಮ್ಮಿಗೆ ಒಂದೇ ಇಂಜೆಕ್ಷನ್ನಿಗೆ ಜಾದೂ ಥರ ಆರಾಮ ಆಯಿತು ಅಂದರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದು. ಸ್ಟೆರಾಯ್ಡಿಗೆ ಅದರದ್ದೇ ಜಾಗ ಇದೆ, ಬೇಕಾದ ಕಡೆ ಅದು ಜೀವ ಉಳಿಸೋ ಔಷಧ. ಆದರೆ ಹೇಳದೆ ಕೇಳದೆ ಪದೇ ಪದೇ ಹಾಕಿಸಿಕೊಂಡರೆ ಶುಗರ್ ಏರುತ್ತೆ, ಮೂಳೆ ಸವೆಯುತ್ತೆ. ನೆಗಡಿ ವೈರಸ್ಸಿನಿಂದ ಬರೋದು, ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ. ಪೊಟ್ಟಣ ಕೊಡೋ ಡಾಕ್ಟರ್ ಎಲ್ಲಾ ಕೆಟ್ಟವರಲ್ಲ, ಹಳ್ಳಿ ಕಡೆ ಅದು ಹಳೇ ರೂಢಿ. ಆದರೆ "ಸರ್, ಮಾತ್ರೆ ಹೆಸರು ಒಂದು ಚೀಟೀಲಿ ಬರೆದುಕೊಡಿ" ಅಂತ ಕೇಳೋದು ನಿಮ್ಮ ಹಕ್ಕು.

ಯಾವ ವಯಸ್ಸಿಗೆ ಏನು?

ಡಾಕ್ಟರ್ ಸಿಕ್ಕ ಮೇಲೆ ಎರಡನೇ ಕೆಲಸ, ಕಾಯಿಲೆ ಬರೋ ಮುಂಚೆ ಹೋಗೋದು. ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗೋದನ್ನ ಮೊದಲು ತಿಳಿದುಕೊಳ್ಳಿ.

*ಮಕ್ಕಳು.* ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್ ಮತ್ತು ಅದರ ಜೊತೆಗಿನವು. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಮೊದಲ ಡೋಸ್, ಎರಡನೇದು 16ರಿಂದ 24 ತಿಂಗಳ ಒಳಗೆ, ಆಗಲೇ ಡಿಪಿಟಿ ಬೂಸ್ಟರ್. 9 ತಿಂಗಳಿಂದ 5 ವರ್ಷದ ತನಕ ಆರಾರು ತಿಂಗಳಿಗೆ ವಿಟಮಿನ್ ಎ. ಒಂದೂವರೆ ವರ್ಷದ ತನಕ ಎಲ್ಲರೂ ಸರಿಯಾಗಿ ಹಾಕಿಸ್ತಾರೆ, ಮರೆಯೋದು ಆಮೇಲಿನದ್ದು. 5-6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್, 10 ವರ್ಷಕ್ಕೆ ಮತ್ತು 16 ವರ್ಷಕ್ಕೆ ಟಿಡಿ ಲಸಿಕೆ ಇದೆ. ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ.

*ಗರ್ಭಿಣಿಯರು.* ಗೊತ್ತಾದ ತಕ್ಷಣ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ. ಕನಿಷ್ಠ 4 ಸಲ ತಪಾಸಣೆ ಆಗಬೇಕು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಡಾಕ್ಟರೇ ನೋಡ್ತಾರೆ. ಕಬ್ಬಿಣದ ಮಾತ್ರೆ 180 ದಿನ. ಹೊಟ್ಟೆ ತೊಳಸುತ್ತೆ ಅಂತ ಬಿಟ್ಟುಬಿಡೋರು ಜಾಸ್ತಿ. ಬಿಡೋ ಬದಲು ಯಾವ ಹೊತ್ತಿಗೆ ತಗೊಂಡರೆ ಸರಿ ಅಂತ ಕೇಳಿ.

*30 ದಾಟಿದ ಎಲ್ಲರೂ.* ನಮ್ಮ ಜಿಲ್ಲೆಗೆ ಇದೇ ಎಲ್ಲಕ್ಕಿಂತ ಮುಖ್ಯ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಐದು ಕಾಯಿಲೆಗೆ ತಪಾಸಣೆ ಇದೆ: ಬಿಪಿ, ಶುಗರ್, ಬಾಯಿ ಕ್ಯಾನ್ಸರ್, ಸ್ತನ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್. ಬಿಪಿ, ಶುಗರ್ ವರ್ಷಕ್ಕೊಮ್ಮೆ. ಕ್ಯಾನ್ಸರ್ ತಪಾಸಣೆ 30ರಿಂದ 65 ವರ್ಷದವರಿಗೆ 5 ವರ್ಷಕ್ಕೊಮ್ಮೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬಿಕೊಳ್ತಾರೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯೂ ಮನೆ ಬಾಗಿಲಲ್ಲೇ ತಪಾಸಣೆ ಮಾಡೋದು. ಅವರು ಬಂದಾಗ "ನಮಗೇನಾಗಿದೆ, ಗುಂಡುಕಲ್ಲು ಥರ ಇದ್ದೀವಿ" ಅಂತ ಸಾಗಹಾಕಬೇಡಿ. ಬಿಪಿಗೆ, ಶುಗರಿಗೆ ಶುರುವಿನಲ್ಲಿ ಯಾವ ನೋವೂ ಇರಲ್ಲ.

ನೆನಪಿಟ್ಟುಕೊಳ್ಳೋ ಲೆಕ್ಕ:

- ಬಿಪಿ 120/80ಕ್ಕಿಂತ ಕಮ್ಮಿ ಇದ್ದರೆ ಚೆನ್ನ. 140/90 ಅಥವಾ ಮೇಲೆ ಇದ್ದು, ಬೇರೆ ದಿನ ನೋಡಿದಾಗಲೂ ಹಾಗೇ ಬಂದರೆ ಅಧಿಕ ರಕ್ತದೊತ್ತಡ. ಮೆಟ್ಟಿಲು ಹತ್ತಿ, ಕಾಫಿ ಕುಡಿದು, ಬೀಡಿ ಸೇದಿ ತಕ್ಷಣ ನೋಡಿಸಬೇಡಿ. 5 ನಿಮಿಷ ಸುಮ್ಮನೆ ಕೂತು ನೋಡಿಸಿ.
- ಖಾಲಿ ಹೊಟ್ಟೆ ಶುಗರ್ 100ಕ್ಕಿಂತ ಕಮ್ಮಿ ಇದ್ದರೆ ಸರಿ. 100ರಿಂದ 125 ಎಚ್ಚರಿಕೆ ಗಂಟೆ. 126 ಅಥವಾ ಮೇಲೆ ಬಂದರೆ ಮತ್ತೊಮ್ಮೆ ಟೆಸ್ಟ್ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 6.5 ಅಥವಾ ಮೇಲೆ ಇದ್ದರೆ ಸಕ್ಕರೆ ಕಾಯಿಲೆ.
- ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಟೈಲರ್ ಟೇಪ್ ಸಾಕು.

*ಎಲೆ ಅಡಿಕೆ, ಹೊಗೆಸೊಪ್ಪು ಹಾಕೋರು.* ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆಗೆಯೋಕೆ ಆಗದೇ ಇರೋದು ಕಂಡರೆ 5 ವರ್ಷ ಕಾಯೋದಲ್ಲ, ಈ ವಾರವೇ ತೋರಿಸಿ.

*ಶುಗರ್ ಇರೋರು.* ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆ, ಮೂತ್ರ ಮತ್ತು ಕಿಡ್ನಿ ಪರೀಕ್ಷೆ, ಪಾದದ ಪರೀಕ್ಷೆ. ಬರಿಗಾಲಲ್ಲಿ ಗದ್ದೆ, ತೋಟಕ್ಕೆ ಹೋಗಬೇಡಿ. ಮುಳ್ಳು ಚುಚ್ಚಿದ್ದು ಗೊತ್ತೇ ಆಗಲ್ಲ.

*ಯಾರಿಗೇ ಆಗಲಿ.* ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ. ಟಿಬಿ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಫೈಲ್ ಇಟ್ಟುಕೊಳ್ಳೋದು ಹೇಗೆ

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಫೈಲ್ ತಗೊಳ್ಳಿ. ಚೀಟಿ, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಎಲ್ಲಾ ತಾರೀಕಿನ ಪ್ರಕಾರ ಹಾಕಿ, ಹೊಸದು ಮೇಲೆ. ಮೊದಲ ಹಾಳೆಯಲ್ಲಿ ಇಷ್ಟು ಬರೆಯಿರಿ: ಹೆಸರು, ವಯಸ್ಸು, ರಕ್ತದ ಗುಂಪು, ಯಾವ ಔಷಧ ಆಗಲ್ಲ, ಇರೋ ಕಾಯಿಲೆ, ಈಗ ತಗೊಳ್ಳೋ ಮಾತ್ರೆಯ ಮೂಲ ಹೆಸರು ಮತ್ತು ಹೊತ್ತು. ಆ ಹಾಳೆಯ ಫೋಟೋ ಮನೆಯ ಇಬ್ಬರ ಫೋನಿನಲ್ಲಿ ಇರಲಿ. ಎಕ್ಸ್‌ರೇ ಫಿಲ್ಮ್ ಮಡಚಬೇಡಿ. 14 ಅಂಕಿಯ ಆಭಾ ಸಂಖ್ಯೆ ಮಾಡಿಸಿದರೆ ದಾಖಲೆ ಫೋನಿನಲ್ಲೂ ಜೋಡಿಸಬಹುದು. ಆದರೆ ಕಾಗದ ಬಿಸಾಡಬೇಡಿ.

ಒಳರೋಗಿಯಾಗಿ ಸೇರಿದ್ದರೆ ದಾಖಲೆ ಕೇಳಿ ಪಡೆಯೋ ಹಕ್ಕಿದೆ. ವೈದ್ಯರು 3 ವರ್ಷ ದಾಖಲೆ ಇಟ್ಟಿರಬೇಕು, ಕೇಳಿದ 72 ಗಂಟೆ ಒಳಗೆ ಕೊಡಬೇಕು ಅನ್ನೋ ನಿಯಮ 2002ರಿಂದ ಇದೆ.

ತುರ್ತು ಬಂದರೆ

ಎದೆ ಮಧ್ಯೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಹರಿಯೋದು, ಬೆವರು, ಉಸಿರು ಕಟ್ಟೋದು ಇದ್ದರೆ ಫ್ಯಾಮಿಲಿ ಡಾಕ್ಟರ್ ಬರೋ ತನಕ ಕಾಯಬೇಡಿ. ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರೋ ಹತ್ತಿರದ ಆಸ್ಪತ್ರೆಗೆ ಹೋಗಿ. 46ನೇ ವಯಸ್ಸಿಗೆ, 2021ರ ಅಕ್ಟೋಬರ್ 29ರಂದು ನಮ್ಮನ್ನ ಅಗಲಿದ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತ ಹೆಪ್ಪು ಕರಗಿಸೋ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಹಾಕ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಈಗಲೇ, ಏನೂ ಆಗದೇ ಇರುವಾಗಲೇ ವಿಚಾರಿಸಿಡಿ.

ತುರ್ತು ಇದ್ದಾಗ ಅಡ್ವಾನ್ಸ್ ಕಟ್ಟಿಲ್ಲ ಅಂತ ಖಾಸಗಿ ಆಸ್ಪತ್ರೆಯೂ ಮೊದಲ ಚಿಕಿತ್ಸೆ ನಿರಾಕರಿಸೋ ಹಾಗಿಲ್ಲ. ನಿರಾಕರಿಸಿದರೆ, ಬಿಲ್ಲಿನಲ್ಲಿ ಮೋಸ ಆದರೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಅರ್ಜಿಯನ್ನ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ.

ಓದುಗರು ಕೇಳೋ ಪ್ರಶ್ನೆಗಳು

ಇಸಿಜಿ ನಾರ್ಮಲ್ ಬಂತು, ಇನ್ನು ಹೆದರಿಕೆ ಇಲ್ವಾ?
ಹಾಗಲ್ಲ. ಇಸಿಜಿ ಹೇಳೋದು ಆ ಹೊತ್ತಿನ ಸ್ಥಿತಿ. ರಕ್ತನಾಳದಲ್ಲಿ ಬ್ಲಾಕ್ ಇದ್ದರೂ ಕೆಲವೊಮ್ಮೆ ನಾರ್ಮಲ್ ಬರುತ್ತೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಮನೆತನದ ಕಥೆ ಎಲ್ಲಾ ಸೇರಿಸಿ ನೋಡೋಕೇ ಡಾಕ್ಟರ್ ಬೇಕು.

ಲ್ಯಾಬಿನವರ ಫುಲ್ ಬಾಡಿ ಪ್ಯಾಕೇಜ್ ಮಾಡಿಸಬೇಕಾ?
ಮೊದಲು ನಿಮ್ಮ ಡಾಕ್ಟರನ್ನ ಕೇಳಿ. ಬೇಡದ ಟೆಸ್ಟಿನಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಬಂದರೆ ಸುಮ್ಮನೆ ಗಾಬರಿ, ಮತ್ತೆ ಮತ್ತೆ ಖರ್ಚು.

ಬಿಪಿ ನಾರ್ಮಲ್ ಆಯಿತು, ಮಾತ್ರೆ ನಿಲ್ಲಿಸಬಹುದಾ?
ಮಾತ್ರೆಯಿಂದ ನಾರ್ಮಲ್ ಆಗಿರೋದು. ನೀವಾಗಿ ನಿಲ್ಲಿಸಬೇಡಿ. ತೂಕ ಇಳಿಸಿ, ಉಪ್ಪು ಕಮ್ಮಿ ಮಾಡಿದ ಮೇಲೆ ಡಾಕ್ಟರೇ ಡೋಸ್ ಇಳಿಸಬಹುದು.

ಮಾತ್ರೆ ದುಬಾರಿ, ಏನು ಮಾಡೋದು?
ಬಿಪಿ, ಶುಗರಿನ ಸಾಮಾನ್ಯ ಮಾತ್ರೆ ಪಿಎಚ್‌ಸಿಯಲ್ಲಿ ಉಚಿತ. ಹೊರಗೆ ತಗೊಳ್ಳೋದಾದರೆ ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರಿನ ಮಾತ್ರೆ ಕಮ್ಮಿ ಬೆಲೆಗೆ ಸಿಗುತ್ತೆ.

ಆಯುಷ್ಮಾನ್ ಕಾರ್ಡಿನಲ್ಲಿ ಕ್ಲಿನಿಕ್ ಫೀಸು ಬರುತ್ತಾ?
ಇಲ್ಲ. ಅದು ಆಸ್ಪತ್ರೆ ಸೇರಿ ಪಡೆಯೋ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ತುರ್ತು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗೋ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

ರಾತ್ರಿ ಏನಾದರೂ ಅನುಮಾನ ಬಂದರೆ?
ಆರೋಗ್ಯ ಸಹಾಯವಾಣಿ 104. ಮನಸ್ಸಿಗೆ ಕಷ್ಟ ಅನ್ನಿಸಿದರೆ ಟೆಲಿ ಮಾನಸ್ 14416. ಆಂಬುಲೆನ್ಸ್ 108.

ಈ ಭಾನುವಾರ ಮಾಡೋ ಕೆಲಸ

ಮನೆಯಲ್ಲಿರೋ ಮಾತ್ರೆ ಎಲ್ಲಾ ಒಂದು ತಟ್ಟೆಗೆ ಸುರಿಯಿರಿ. ಅವಧಿ ಮುಗಿದದ್ದು ಬೇರೆ ಇಡಿ. ಉಳಿದದ್ದರ ಹಿಂಭಾಗದ ಸಣ್ಣ ಅಕ್ಷರ ಓದಿ, ಮೂಲ ಹೆಸರು ಒಂದು ಹಾಳೆಗೆ ಬರೆಯಿರಿ. ಒಂದೇ ಹೆಸರು ಎರಡು ಸಲ ಬಂದರೆ ನೀವಾಗಿ ಏನೂ ನಿಲ್ಲಿಸಬೇಡಿ, ಸೋಮವಾರ ಆ ಹಾಳೆ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಯಾವ ಡಾಕ್ಟರ್ ಹತ್ತಿರ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ, ಹುಡುಕೋ ಕೆಲಸವೂ ಅವತ್ತೇ ಶುರುವಾಗಲಿ.

ನಮ್ಮಪ್ಪ ಈಗ ಒಂದೇ ಬಿಪಿ ಮಾತ್ರೆ ತಗೊಳ್ತಾರೆ. ಫೈಲ್ ಮಾತ್ರ ಸಂತೆಗೆ ಹೋದರೂ ಚೀಲದಲ್ಲಿ ಇರುತ್ತೆ.